ಎಡಗಿವಿಯ ಕೆಂಪು

ಅಮ್ಮನ ಓಲೆಗಳಲ್ಲಿದ್ದದ್ದು ಮಾಣಿಕ್ಯವಲ್ಲ, ಗಾರ್ನೆಟ್. ವಡೋದರಾದಲ್ಲಿ ಉಡುಪಿ ಹೋಟೆಲು ಇಟ್ಟ ಎರಡನೆಯ ವರ್ಷ ಅಪ್ಪ ಊರಿಗೆ ಹೋದಾಗ ಮಾಡಿಸಿ ತಂದದ್ದು. ಮನೆಯಲ್ಲಿ ಅದು ಕೆಂಪಿನ ಓಲೆ. ಇಡ್ಲಿಯ ಹಬೆಯೆದುರು ನಿಂತಾಗಲೂ, ಮೀಯುವಾಗಲೂ ಅಮ್ಮ ಅದನ್ನು ಬಿಚ್ಚಿದವಳಲ್ಲ.

ನಾನು ಸೂರತ್ತಿನ ಆಭರಣ ಕಾರ್ಖಾನೆಯೊಂದರಲ್ಲಿ ಹರಳು ಪರೀಕ್ಷಿಸುವವಳು. ಗಾರ್ನೆಟ್ ವಿಷಯ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಿಯೇನು. ಮಾಣಿಕ್ಯದಷ್ಟು ಗಟ್ಟಿಯಲ್ಲ. ಬಣ್ಣ ದಾಳಿಂಬೆ ಬೀಜದ್ದು. ಹರಳು ದಪ್ಪವಾದರೆ ಒಳಹೊಕ್ಕ ಬೆಳಕು ಹೊರಗೆ ಬಾರದೆ ಕಪ್ಪಗೆ ಕಾಣುತ್ತದೆ. ಅದಕ್ಕೇ ಹಳೆಯ ಅಕ್ಕಸಾಲಿಗರು ಅದರ ಬೆನ್ನಿಗೆ ತೆಳುವಾದ ಬೆಳ್ಳಿಯ ರೇಕು ಇಟ್ಟು, ಅರಗು ತುಂಬಿ, ಹಿಂದಿನಿಂದ ಚಿನ್ನ ಮುಚ್ಚುತ್ತಿದ್ದರು. ನಾವು ನೋಡುವ ಹೊಳಪಿನಲ್ಲಿ ಅರ್ಧ ಆ ರೇಕಿನದು. ಇಷ್ಟೆಲ್ಲ ಗೊತ್ತಿದ್ದೂ ನಾನು ಮಾಡಿದ್ದು ಮಂಗನ ಕೆಲಸ.

ಅಹಮದಾಬಾದಿನಲ್ಲಿ ಅಮ್ಮನಿಗೆ ಹೃದಯದ ಆಪರೇಷನ್ ಆಯಿತು. ಮೊದಲೇ ಆಸ್ಪತ್ರೆಯವರು ಓಲೆಗಳನ್ನು ಬಿಚ್ಚಿಸಿ ನನ್ನ ಕೈಗೆ ಕೊಟ್ಟಿದ್ದರು. ಎಲ್ಲ ಸುಸೂತ್ರವಾಯಿತೆಂದು ಎರಡು ದಿನದ ಕೆಲಸಕ್ಕೆ ಸೂರತ್ತಿಗೆ ಬಂದೆ. ಓಲೆಯ ತಿರುಪಿನಲ್ಲಿ ವರ್ಷಗಳ ಎಣ್ಣೆ ಜಿಡ್ಡು ಕೂತಿತ್ತು. ಹೊಸದರಂತೆ ಮಾಡಿ ಕಿವಿಗಿಡೋಣ ಎಂಬ ಆಸೆಯಿಂದ, ವಜ್ರ ತೊಳೆಯುವ ಯಂತ್ರದ ಬಿಸಿ ಸೋಪುನೀರಿಗೆ ಹಾಕಿದೆ. ಆ ನೀರು ಒಂದೇ ಸಮನೆ ಅದುರುತ್ತದೆ. ಅರಗು ಬಿರಿದು ನೀರು ರೇಕಿಗೆ ಇಳಿಯಿತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ಚಿನ್ನ ಫಳಫಳ, ಎಡಗಡೆಯ ಹರಳು ಇದ್ದಿಲು.

ಹೊರಡುವ ಮೊದಲು ರೇಕು ಇಡುವವರು ಸಿಗದೆ ಹಾಗೆಯೇ ಅಹಮದಾಬಾದಿಗೆ ಮರಳಿ, ವಾರ್ಡಿನಲ್ಲಿ ಅಮ್ಮನ ಕಿವಿಗೆ ಓಲೆ ಇಟ್ಟು, ಕನ್ನಡಿ ಕೇಳಿದಳೆಂದು ಮೊಬೈಲಿನಲ್ಲೇ ಅವಳ ಮುಖ ತೋರಿಸಿದೆ. ಅವಳಿಗೆ ಕೂಡಲೇ ಗೊತ್ತಾಯಿತು.

"ಎಂತ ಮಾಡಿದ್ದು ಮಾರಾಯ್ತಿ? ಅಪ್ಪಂಗೆ ಹೇಳ್ಬೇಡ ಆಯ್ತಾ. ಬೈತಾರೆ. ಮನೆಗೆ ಹೋದ್ಮೇಲೆ ನೀನೇ ಸರಿ ಮಾಡ್ಸು."

ಅಪ್ಪ ಬಂದಾಗಲೆಲ್ಲ ಎಡಗಿವಿಯನ್ನು ದಿಂಬಿಗೆ ಒತ್ತಿ ಮಲಗುತ್ತಿದ್ದಳು. ನಾನು ಮರಳಿದ ನಾಲ್ಕನೆಯ ದಿನ ಸೋಂಕು ಏರಿತು. ಅಮ್ಮ ಮನೆಗೆ ಬರಲಿಲ್ಲ.

ಕಿವಿಯಿಂದ ತೆಗೆದ ಓಲೆಗಳನ್ನು ಅಪ್ಪ ಅಂಗೈಯಲ್ಲಿ ಹಿಡಿದು ತುಂಬ ಹೊತ್ತು ನೋಡಿದರು. "ಒಂದು ಕಪ್ಪಾಗಿದೆ ನೋಡು. ಅವಳ ಜೀವದ ಒಟ್ಟಿಗೆ ಇದರ ಬೆಳಕೂ ಹೋಯ್ತು," ಎಂದರು.

ಆಮೇಲೆ ಮಾತಾಡಿಸಲು ಬಂದವರಿಗೆಲ್ಲ ಅದನ್ನೇ ಹೇಳಿದರು. ಹೇಳುತ್ತ ಹೇಳುತ್ತ ಅವರ ಸ್ವರ ಸ್ವಲ್ಪ ಗಟ್ಟಿಯಾಗುತ್ತಿತ್ತು. ಹೊಸ ರೇಕು ಇಡಿಸುವುದು ಅರ್ಧ ಗಂಟೆಯ ಕೆಲಸ. ಸರಿ ಮಾಡಿಸಿ ಕೊಡುತ್ತೇನೆ ಎಂದು ಎರಡು ಸಲ ಕೇಳಿದೆ. "ಮುಟ್ಟುದು ಬೇಡ," ಎಂದರು. ಅಮ್ಮ ಹೇಳಿದ ಒಂದು ಕೆಲಸವನ್ನೂ ಮಾಡಲಾಗಲಿಲ್ಲವಲ್ಲ ಎಂದು ನನ್ನ ಮೇಲೆ ನನಗೇ ಹೇಸಿಗೆ.

ಹೋದ ತಿಂಗಳು ಊರಿನಿಂದ ಅತ್ತೆ ಬಂದಿದ್ದರು. ಹೋಟೆಲಿನ ಮೂಲೆಯ ಟೇಬಲ್ಲಿನಲ್ಲಿ ಅಪ್ಪ ಕರವಸ್ತ್ರ ಬಿಚ್ಚಿ ಓಲೆ ತೋರಿಸಿದರು. ಅತ್ತೆ ತಿರುಗಿಸಿ ಮುರುಗಿಸಿ ನೋಡಿದರು.

"ಕಲ್ಲು ಹಾಗೆಲ್ಲ ಕಪ್ಪಾಗ್ತದಾ ಅಣ್ಣ?"

"ಇವಳದ್ದು ಅದೇ ಕೆಲಸ ಅಲ್ವಾ, ಇವಳನ್ನೇ ಕೇಳು," ಎಂದ ಅಪ್ಪ ನನ್ನ ಮುಖವನ್ನೇ ನೋಡುತ್ತಿದ್ದರು.

"ಆಗ್ತದೆ ಅತ್ತೆ," ಎಂದೆ.

ಅಪ್ಪ ಓಲೆಗಳನ್ನು ಮತ್ತೆ ಕಟ್ಟಿ ಅಂಗಿಯ ಜೇಬಿಗೆ ಹಾಕಿಕೊಂಡರು.