ಒದ್ದೆ ಸೊಪ್ಪಿನ ಭಾನುವಾರ

ಮೊನ್ನೆ ನನ್ನ ಸೊಸೆ ಹಳೆಯ ಟ್ರಂಕನ್ನು ಬಿಸಿಲಿಗಿಟ್ಟಳು. ತಳದಲ್ಲಿದ್ದ ತಗಡಿನ ಡಬ್ಬಿಯೊಂದನ್ನು ಎತ್ತಿ ಹಿಡಿದು, "ತುಕ್ಕು ಹಿಡಿದದೆ ಮಾವ, ಎಸೀಲಾ?" ಅಂದಳು. ಬೇಡವೆಂದು ಕೈ ಚಾಚಿ ಇಸಿದುಕೊಂಡೆ. ಅದರ ಮೇಲಿದ್ದ ಹೂವಿನ ಚಿತ್ರ ಅಳಿಸಿಹೋಗಿ ಒಂದು ಎಲೆ ಮಾತ್ರ ಉಳಿದಿತ್ತು. ಉಗುರಿನಿಂದ ಮುಚ್ಚಳ ಎಬ್ಬಿಸಿದೆ. ಒಳಗೆ ಏನೂ ಇಲ್ಲ, ಆದರೂ ಮೂಗಿಗೆ ಹತ್ತಿರ ತಂದಾಗ ಆ ವಾಸನೆ ಬಂತು. ಮಲ್ಲಿಗೆಯಲ್ಲ, ಗುಲಾಬಿಯಲ್ಲ, ನಮ್ಮ ಕಡೆಯ ಯಾವ ಹೂವಿನದೂ ಅಲ್ಲ. ಸಿಂಗಪುರದಿಂದ ಹಡಗಿನಲ್ಲಿ ಬಂದ ಪೌಡರಿನ ವಾಸನೆ. ಈ ಡಬ್ಬಿ ನನ್ನದಲ್ಲ, ಕದ್ದದ್ದು. ಯಾರಿಂದ ಕದ್ದೆ, ಯಾಕೆ ಕದ್ದೆ ಎಂಬುದನ್ನು ಎಂಬತ್ತು ದಾಟುವ ತನಕ ಯಾರಿಗೂ ಹೇಳಲಿಲ್ಲ. ನೀವೂ ಒಂದು ತುಂಬಿದ ಮನೆಯಲ್ಲಿ ಬೆಳೆದು, ಈಗ ಆ ಮನೆಯಿಲ್ಲದೆ ಉಳಿದವರಾದರೆ, ಅದು ಬೀಳುವಾಗ ಯಾರ ಕೈ ಎಲ್ಲಿತ್ತು ಎಂದು ಒಮ್ಮೆಯಾದರೂ ಯೋಚಿಸಿರುತ್ತೀರಿ. ನಮ್ಮ ಮನೆಯ ವಿಷಯದಲ್ಲಿ ಆ ಕೈ ನನ್ನದು.

ನಮ್ಮ ಮನೆ ಶಿಡ್ಲಘಟ್ಟದಲ್ಲಿ ರೈಲು ಸ್ಟೇಷನ್ನಿನ ಕಡೆಗಿತ್ತು. ಮುಂದೆ ಜಗುಲಿ, ನಡುವೆ ತೊಟ್ಟಿ, ಹಿಂದೆ ಹುಳುಮನೆ, ಅದರ ಹಿಂದೆ ಹಿಪ್ಪುನೇರಳೆಯ ತೋಟ. ರೇಷ್ಮೆ ಹುಳುಗಳಿಗೆ ನಮ್ಮೆಲ್ಲರಿಗಿಂತ ಒಳ್ಳೆಯ ಕೋಣೆ. ಬಿದಿರಿನ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿ, ಇರುವೆ ಹತ್ತದಂತೆ ಕಂಬಗಳ ಬುಡಕ್ಕೆ ನೀರಿನ ಬಟ್ಟಲು ಇಟ್ಟಿರುತ್ತಿದ್ದರು. ಸ್ನಾನ ಮಾಡದೆ ಯಾರೂ ಒಳಗೆ ಹೋಗುವಂತಿಲ್ಲ. ಬೀಡಿ ಸೇದಿದವರು, ನಶ್ಯ ಹಾಕಿದವರು, ಸೆಂಟು ಪೂಸಿಕೊಂಡವರು ಹೊಸ್ತಿಲು ಮುಟ್ಟುವಂತಿಲ್ಲ. ಅಲ್ಲಿನ ಯಜಮಾನಿ ನಮ್ಮಜ್ಜಿ. ನಾಲ್ಕನೇ ಜ್ವರ ಎದ್ದ ಹುಳುಗಳು, ಅಂದರೆ ಕೊನೆಯ ಸಲ ಪೊರೆ ಬಿಟ್ಟವು, ಹಗಲೂ ರಾತ್ರಿ ಸೊಪ್ಪು ತಿನ್ನುವಾಗ ಆ ಕೋಣೆಯಿಂದ ಮಳೆ ಬಂದ ಹಾಗೆ ಸದ್ದು ಬರುತ್ತಿತ್ತು. ಅಜ್ಜಿ ಗೋಡೆಗೆ ಒರಗಿ ಕಣ್ಣು ಮುಚ್ಚಿ ಅದನ್ನು ಕೇಳುತ್ತಿದ್ದಳು. ಅವಳ ಮುಖದಲ್ಲಿ ಮೃದುತನ ಕಾಣುತ್ತಿದ್ದದ್ದು ಆಗ ಮಾತ್ರ.

ನನ್ನ ಚಿಕ್ಕಪ್ಪ ಸಿಂಗಪುರದ ಬಂದರಿನಲ್ಲಿ ಗುಮಾಸ್ತರಾಗಿದ್ದರು. ಐವತ್ತರ ದಶಕದ ನಡುವಿನ ಒಂದು ಬೇಸಗೆಯಲ್ಲಿ, ತಾವು ಒಂದು ವರ್ಷದಲ್ಲಿ ಕೆಲಸ ಬಿಟ್ಟು ಬರುವುದಾಗಿಯೂ ಅಲ್ಲಿಯವರೆಗೆ ಹೆಂಡತಿ ಮಕ್ಕಳು ನಮ್ಮಲ್ಲಿರಲೆಂದೂ ಕಾಗದ ಬರೆದು, ಚಿಕ್ಕಮ್ಮನನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಕಳಿಸಿದರು. ವಿಮಲಳಿಗೆ ಒಂಬತ್ತು, ಪದ್ಮಳಿಗೆ ಆರು. ನನಗೆ ಹನ್ನೊಂದು. ನಾನು ಓದಿಕೊಳ್ಳುತ್ತಿದ್ದ, ಕಿಟಕಿಯಿದ್ದ ಪಡಸಾಲೆಯ ಕೋಣೆಯನ್ನು ಅವರಿಗೆ ಕೊಟ್ಟರು. ಅಂದಿನಿಂದಲೇ ನಾನು ಅವರನ್ನು ದ್ವೇಷಿಸತೊಡಗಿದೆ. ಮನೆಯಲ್ಲಿ ದ್ವೇಷಕ್ಕೆ ಬರವಿರಲಿಲ್ಲ. ನಮ್ಮಮ್ಮ ಚಿಕ್ಕಮ್ಮನಿಗೆ ಆರಿದ ಕಾಫಿಯನ್ನೇ ಕೊಡುತ್ತಿದ್ದಳು. ಅಪ್ಪ ಮಾತು ಬಿಟ್ಟರು. ಅಜ್ಜಿಗೆ ಕೋಪ ಬಂದದ್ದು ಪದ್ಮಳ ಒಂದು ಮಾತಿನಿಂದ. ಊಟಕ್ಕೆ ಕೂತಾಗ ಆ ಮಗು, "ಸಿಂಗಪುರದಲ್ಲಿ ಭಾನುವಾರ ಅಪ್ಪಾನೇ ಸಾರು ಮಾಡೋದು ಅಜ್ಜಿ. ಅಮ್ಮ ಚೇರಲ್ಲಿ ಕೂತ್ಕೊಂಡು ಪೇಪರ್ ಓದ್ತಾಳೆ" ಅಂದಳು. ಅಜ್ಜಿ ತುತ್ತನ್ನು ತಟ್ಟೆಗೆ ಬಿಟ್ಟಳು. "ನನ್ನ ಮಗನ ಕೈಲಿ ಒಲೆ ಊದಿಸ್ತಾಳಂತೆ. ಚಾಲಮ್ಮಾ ಚಾಲು, ಕೇಳಿದ್ದು ಸಾಕು." ಕೋಪ ಬಂದರೆ ಅಜ್ಜಿಗೆ ತೆಲುಗು ಬರುತ್ತಿತ್ತು. ಆಮೇಲೆ ಎಲ್ಲರೆದುರು ಅಂದಳು: "ಈ ಬೆಳೆ ಹೆಂಗೆ ಬರ್ತದೋ ನೋಡಣ. ಇವರ ಕಾಲ್ಗುಣ ಎಂಥದು ಅಂತ ಹುಳಾನೇ ಹೇಳ್ತದೆ. ಇರೋದೋ ಹೋಗೋದೋ ಆಮೇಲೆ." ಹೊಸ ಸೊಸೆ ಬಂದರೂ ಹೊಸ ಎಮ್ಮೆ ಬಂದರೂ ನಮ್ಮಲ್ಲಿ ಹಾಗೇ. ಬೆಳೆ ಗೂಡು ಕಟ್ಟಿದ ಮೇಲೆಯೇ ಅವರು ಮನೆಯವರು.

ಚಿಕ್ಕಮ್ಮ ಜಗ್ಗಲಿಲ್ಲ. ನಗರಗೆರೆಯ ಕಡೆಯ ಜಮೀನುದಾರರ ಮಗಳು, ಬೆನ್ನು ನೆಟ್ಟಗೆ ಇಟ್ಟುಕೊಂಡೇ ನಡೆಯುತ್ತಿದ್ದಳು. ಭಾನುವಾರ ಮಧ್ಯಾಹ್ನವಾಯಿತೆಂದರೆ ಮಕ್ಕಳಿಬ್ಬರಿಗೂ ಎರಡು ಜಡೆ ಹಾಕಿ ರಿಬ್ಬನ್ ಕಟ್ಟಿ, ಬಿಳಿ ಬೂಟು ತೊಡಿಸಿ, ಈ ಡಬ್ಬಿಯಿಂದ ಕತ್ತಿಗೂ ಮುಖಕ್ಕೂ ಪೌಡರ್ ಹಚ್ಚಿ, ಹೊರಗೆ ಕರೆದುಕೊಂಡು ಹೋಗುತ್ತಿದ್ದಳು. ಸಿಂಗಪುರದಲ್ಲಿ ಅದು ಅವರ ಪದ್ಧತಿ. ಚಿಕ್ಕಪ್ಪ, ಚಿಕ್ಕಮ್ಮ, ಮಕ್ಕಳು ನಾಲ್ವರೂ ತಲೆ ಮೇಲೆ ತಂತಿಯಿದ್ದ ಬಸ್ಸು ಹತ್ತಿ ಸಮುದ್ರದ ದಂಡೆಗೆ ಹೋಗಿ, ನಿಂತ ಹಡಗುಗಳನ್ನು ಎಣಿಸುವುದು. ಬಣ್ಣದ ಪಾನಕ ಸುರಿದ ಐಸಿನ ಉಂಡೆಯನ್ನು ಕೈ ಮರಗಟ್ಟುವವರೆಗೆ ಚೀಪುವುದು. ದೊಡ್ಡ ತೋಟದಲ್ಲಿ ಕೋತಿಗಳಿಗೆ ಕಡಲೆಕಾಯಿ ಎಸೆಯುವುದು. ಒಮ್ಮೆ ಒಂದು ಕೋತಿ ಚಿಕ್ಕಪ್ಪನ ಕನ್ನಡಕ ಕಸಿದುಕೊಂಡು ಹೋಗಿ, ಅವರು ವಿಮಲಳ ಕೈ ಹಿಡಿದು ಕುರುಡರಂತೆ ಮನೆಗೆ ಬಂದದ್ದನ್ನು ಪದ್ಮ ನಟಿಸಿ ತೋರಿಸುತ್ತಿದ್ದಳು. ಮಹಡಿಯ ಮೇಲಿನ ಅವರ ಎರಡು ಕೋಣೆ, ಪಕ್ಕದ ಮನೆಯ ಚೀನೀ ಅಜ್ಜಿ ಪದ್ಮಳನ್ನು ಮಡಿಲಲ್ಲಿ ಕೂರಿಸಿಕೊಂಡು ಜಡೆ ಹೆಣೆಯುತ್ತಿದ್ದದ್ದು, ಇವೆಲ್ಲ ನಾನು ಕಣ್ಣಾರೆ ಕಂಡಂತೆ ಇಂದಿಗೂ ನೆನಪಿವೆ. ಶಿಡ್ಲಘಟ್ಟದಲ್ಲಿ ಸಮುದ್ರ ಎಲ್ಲಿ ತರುವುದು? ಚಿಕ್ಕಮ್ಮ ಸ್ಟೇಷನ್ನಿಗೆ ಕರೆದೊಯ್ಯುತ್ತಿದ್ದಳು. ಪುಟ್ಟ ಹಳಿಯ ಮೇಲೆ ಚಿಂತಾಮಣಿಯ ಕಡೆಯಿಂದ ಆ ಪುಟ್ಟ ರೈಲು ಹೊಗೆ ಬಿಡುತ್ತಾ ಬರುವುದನ್ನು ಹಡಗು ನೋಡಿದಷ್ಟೇ ಸಂಭ್ರಮದಿಂದ ನೋಡಿ, ಮಕ್ಕಳು ಕರ್ಚೀಫು ಬೀಸುತ್ತಿದ್ದರು. ಒಳಗಿದ್ದವರು ತಮಗೇ ಅಂದುಕೊಂಡು ತಾವೂ ಕೈ ಬೀಸುತ್ತಿದ್ದರು.

ಅವರು ಹೊರಟಾಗಲೆಲ್ಲ ಜಗುಲಿಯಿಂದ ಅಜ್ಜಿಯ ಮಾತು ಹಿಂಬಾಲಿಸುತ್ತಿತ್ತು. "ಹೊರಟ್ರಮ್ಮ ದೊರೆಸಾನಿಗಳು, ಸುಣ್ಣ ಬಳ್ಕೊಂಡು." ನಾನು ಅದನ್ನೇ ಬೀದಿಯ ಹುಡುಗರಿಗೆ ಕಲಿಸಿಕೊಟ್ಟಿದ್ದೆ. ಅವರು "ಸುಣ್ಣ! ಸುಣ್ಣ!" ಎಂದು ಕೂಗಿದರೆ ವಿಮಲ ತಲೆ ತಗ್ಗಿಸುತ್ತಿದ್ದಳು. ಪದ್ಮ ಅವರಿಗೂ ಕರ್ಚೀಫು ಬೀಸುತ್ತಿದ್ದಳು. ಹತ್ತು ಹೆಜ್ಜೆ ಹಿಂದೆ, ಅವರು ಯಾರೋ ನಾನು ಯಾರೋ ಎಂಬಂತೆ ನಾನೂ ಹೋಗುತ್ತಿದ್ದೆ. ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ. ಸೋಮವಾರದಿಂದ ಶನಿವಾರದವರೆಗೆ ನಾನು ಬದುಕುತ್ತಿದ್ದದ್ದೇ ಅದಕ್ಕಾಗಿ. ನನ್ನಪ್ಪ ನನ್ನನ್ನು ಎಂದೂ ಎಲ್ಲಿಗೂ ಸುಮ್ಮನೆ ನೋಡಿಕೊಂಡು ಬರಲಿಕ್ಕೆ ಕರೆದೊಯ್ದವರಲ್ಲ.

ಆ ಭಾನುವಾರ ಬೆಳಗ್ಗೆ ಮಳೆ ಬಂದು ನಿಂತಿತ್ತು. ಹುಳುಗಳು ನಾಲ್ಕನೇ ಜ್ವರ ಎದ್ದು ಮೂರನೆಯ ದಿನ. ಒದ್ದೆ ಸೊಪ್ಪು ತಿಂದರೆ ಹುಳುಗಳಿಗೆ ಸಪ್ಪೆ ರೋಗ ಬರುತ್ತದೆಂದು ನಮ್ಮಲ್ಲಿ ಮಗುವಿಗೂ ಗೊತ್ತು. ಅವು ಮೆತ್ತಗಾಗಿ, ಕಪ್ಪಾಗಿ, ಕೊಳೆತು ಸಾಯುತ್ತವೆ. ಅಜ್ಜಿ ಒಂದು ರಾಶಿ ಸೊಪ್ಪನ್ನು ನನ್ನ ಮುಂದೆ ಸುರಿದು, "ಒಂದೊಂದೇ ಎಲೆ ಒರೆಸಿ, ಬಟ್ಟೆ ಮೇಲೆ ಹರವಿ, ಆರಿದ ಮೇಲೆ ಕೆಳಗಿನ ತಟ್ಟೆಗಳಿಗೆ ಹಾಕು. ಆತುರ ಮಾಡಬ್ಯಾಡ ಕಣೋ" ಎಂದು ತೋಟಕ್ಕೆ ಹೋದಳು. ಆದರೆ ಅಂದು ಚಿಕ್ಕಮ್ಮ ಮೊದಲ ಸಲ ಮಕ್ಕಳನ್ನು ರೈಲು ಹತ್ತಿಸುವವಳಿದ್ದಳು. ಚಿಕ್ಕಬಳ್ಳಾಪುರಕ್ಕೆ ರೈಲಿನಲ್ಲಿ ಹೋಗಿ ಬಸ್ಸಿನಲ್ಲಿ ವಾಪಸ್. "ನೀನೂ ಬಾಪ್ಪ" ಅಂದಿದ್ದಳು. ನಾನು "ನಂಗೇನೂ ಬೇಡ" ಅಂದಿದ್ದೆ. ಅರ್ಧ ರಾಶಿಯೂ ಒರೆಸಿರಲಿಲ್ಲ, ದೂರದಲ್ಲಿ ರೈಲಿನ ಕೂಗು ಕೇಳಿತು. ಉಳಿದದ್ದನ್ನು ನೀರು ತೊಟ್ಟಿಕ್ಕುತ್ತಿದ್ದ ಹಾಗೆಯೇ ಬಾಚಿ ತಟ್ಟೆಗಳ ಮೇಲೆ ಸುರಿದೆ. ತಿರುಗಿದರೆ ಪದ್ಮ ನಿಂತಿದ್ದಳು, ಹೇಳಿಕೊಟ್ಟ ಹಾಗೆ ಹೊಸ್ತಿಲಿನ ಆಚೆಗೆ, ಬೂಟು ತುದಿಯೂ ಒಳಗೆ ಬಾರದಂತೆ. ನನ್ನನ್ನು ಕರೆಯಲು ಬಂದಿದ್ದಳು.

"ಅಣ್ಣಯ್ಯ, ಅದು ಒದ್ದೆ ಇದೆಯಲ್ಲಾ?"

"ಬಾಯ್ಮುಚ್ಕೊಂಡು ನಡಿಯೇ."

ಆ ದಿನದಷ್ಟು ಸುಖ ನನಗೆ ಮತ್ತೆ ಸಿಗಲಿಲ್ಲ ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಿಜ. ರೈಲು ಎತ್ತಿನ ಗಾಡಿಗಿಂತ ಸ್ವಲ್ಪ ಜೋರಾಗಿ ಹೋಗುತ್ತಿತ್ತು. ಮಳೆ ತೊಳೆದ ನಂದಿಯ ಬೆಟ್ಟ ಮುಂದೆ ನಿಧಾನಕ್ಕೆ ದೊಡ್ಡದಾಗುತ್ತಿತ್ತು. ಕಿಟಕಿಯ ಪಕ್ಕದ ಜಾಗವನ್ನು ವಿಮಲ ನನಗೆ ಬಿಟ್ಟುಕೊಟ್ಟಳು. ಚಿಕ್ಕಬಳ್ಳಾಪುರದ ಪೇಟೆ ಬೀದಿಯಲ್ಲಿ ಸುತ್ತಿ, ಬೊರುಗು ತಿಂದು, ಬಸ್ಸಿಗೆ ಕಾಯುತ್ತಿದ್ದಾಗ ಒಬ್ಬ ಮುದುಕಿ, "ಮೂವರೂ ನಿಮ್ಮವೇನಮ್ಮ?" ಎಂದು ಕೇಳಿದಳು. ಚಿಕ್ಕಮ್ಮ ಅರೆಕ್ಷಣವೂ ಯೋಚಿಸದೆ, "ಹೂನಮ್ಮ, ಮೂವರೂ ನಮ್ಮವೇ" ಅಂದಳು. ಬಸ್ಸಿನಲ್ಲಿ ನಾನು ಅವಳ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋದೆ. ಅವಳ ಸೀರೆಯಲ್ಲೂ ಇದೇ ಪೌಡರಿನ ವಾಸನೆಯಿತ್ತು.

ಬುಧವಾರ ಹುಳುಮನೆಯ ಸದ್ದು ನಿಂತಿತು. ಕೆಳಗಿನ ತಟ್ಟೆಗಳಲ್ಲಿ ಹುಳುಗಳು ತಲೆ ಜೋಲುಬಿಟ್ಟು ಮಲಗಿದ್ದವು, ಮುಟ್ಟಿದರೆ ಒಡೆದು ನಾರುತ್ತಿದ್ದವು. ಮಾರನೆಯ ದಿನ ಮೇಲಿನವಕ್ಕೂ ಹತ್ತಿತು. ಅಜ್ಜಿ ನನ್ನ ಕಿವಿ ಹಿಡಿದು ಎಳೆದುಕೊಂಡು ಬಂದಳು. "ಸೊಪ್ಪು ಒರೆಸಿದ್ಯೇನ್ಲಾ?" "ಒರೆಸಿದ್ದೆ ಅಜ್ಜಿ." "ನಿಜ ಹೇಳು, ತೊಗಲು ಸುಲೀತೀನಿ." ಆಗ ನನ್ನ ಬಾಯಿಂದ ಬಂತು: "ಪದ್ಮ ಬಂದಿದ್ಲು ಅಜ್ಜಿ. ಪೌಡರ್ ಹಾಕ್ಕೊಂಡು." ಅಜ್ಜಿಯ ಕೈ ಸಡಿಲವಾಯಿತು. ಅವಳು ಅಪ್ಪನನ್ನು ಕರೆಯಲು ಹೊರಗೆ ಹೋದಳು. ಅಷ್ಟಕ್ಕೇ ನಿಲ್ಲಿಸಿದ್ದರೆ ಹೆದರಿದ ಹುಡುಗನ ಸುಳ್ಳು ಎಂದು ನೀವು ಕ್ಷಮಿಸಬಹುದಿತ್ತು. ನಾನು ನಿಲ್ಲಿಸಲಿಲ್ಲ. ಚಿಕ್ಕಮ್ಮನ ಕೋಣೆಗೆ ಓಡಿ, ಈ ಡಬ್ಬಿಯನ್ನು ಎತ್ತಿಕೊಂಡು ಬಂದು, ತಟ್ಟೆಗಳ ಬುಡದಲ್ಲಿ ಎರಡು ಚಿಟಿಕೆ ಪೌಡರ್ ಉದುರಿಸಿ, ಡಬ್ಬಿಯನ್ನು ಅಟ್ಟದ ಹುಲ್ಲಿನಲ್ಲಿ ಹೂತಿಟ್ಟೆ.

ತಟ್ಟೆಗಳ ಬುಡದ ಪೌಡರ್ ಅಜ್ಜಿಯ ಕಣ್ಣಿಗೆ ಬಿತ್ತು, ತೊಟ್ಟಿಯಲ್ಲಿ ವಿಚಾರಣೆ ನಡೆಯಿತು. "ಎಷ್ಟು ಸಾವಿರ ಜೀವ ತಿಂದ್ಲು ನೋಡು ನಿನ್ನ ಮಗಳು!" ಎಂದು ಅಜ್ಜಿ ಕೂಗಿದಳು. ಚಿಕ್ಕಮ್ಮ ಮಗಳ ಮುಂದೆ ಕುಕ್ಕರುಗಾಲಲ್ಲಿ ಕೂತು, "ಒಳಗೆ ಹೋಗಿದ್ಯೇನಮ್ಮ ಪದ್ದೂ?" ಎಂದು ಕೇಳಿದಳು. ಪದ್ಮ ನನ್ನ ಕಡೆ ನೋಡಿದಳು. "ಬಾಗಿಲ ತನಕ ಹೋಗಿದ್ದೆ" ಅಂದಳು. "ಒಪ್ಕೊಂಡ್ಳಲ್ಲ!" ಎಂದ ಅಜ್ಜಿ ಆ ಮಗುವಿನ ಕೆನ್ನೆಗೆ ಹೊಡೆದಳು. ಪೌಡರಿಲ್ಲದ ಕೆನ್ನೆಯ ಮೇಲೆ ಬೆರಳುಗಳು ಕೆಂಪಗೆ ಮೂಡಿದವು. ವಿಮಲ ಅತ್ತಳು, ಪದ್ಮ ಅಳಲಿಲ್ಲ. ಅಪ್ಪ ನೆಲ ನೋಡುತ್ತಾ, "ಕಾಲ್ಗುಣ ಗೊತ್ತಾಯ್ತಲ್ಲ" ಅಂದರು. ಅವರು ಎಷ್ಟೋ ದಿನಗಳ ಮೇಲೆ ಆಡಿದ ಮಾತು ಅದು. ಚಿಕ್ಕಮ್ಮ ಎದ್ದು ಹೋಗಿ ಟ್ರಂಕು ತುಂಬಿದಳು.

ಸ್ಟೇಷನ್ನಿಗೆ ಟ್ರಂಕು ಹೊತ್ತವನು ನಾನೇ. ಅಪ್ಪ ಕಳಿಸಿದರು. ಚಿಕ್ಕಬಳ್ಳಾಪುರದವರೆಗೆ ರೈಲು, ಅಲ್ಲಿಂದ ಗೌರಿಬಿದನೂರಿನ ಬಸ್ಸು, ಮುಂದೆ ನಗರಗೆರೆಯ ತವರು. ಅಂದು ಯಾರೂ ಪೌಡರ್ ಹಚ್ಚಿರಲಿಲ್ಲ. ಡಬ್ಬಿ ಕಾಣೆಯಾದದ್ದನ್ನು ಚಿಕ್ಕಮ್ಮ ನೋಡಿರಲೇಬೇಕು, ಆದರೆ ಕೇಳಲಿಲ್ಲ. ರೈಲು ಅಲುಗಿದಾಗ ಪದ್ಮ ಕಿಟಕಿಯಿಂದ ತಲೆ ಹೊರಹಾಕಿ ನನ್ನನ್ನು ಹತ್ತಿರ ಕರೆದಳು. ಬೈಯುತ್ತಾಳೆ ಅಂದುಕೊಂಡೆ.

"ಅಣ್ಣಯ್ಯ, ಒದ್ದೆ ಸೊಪ್ಪು ಅಂತ ಅಜ್ಜಿಗೆ ಹೇಳ್ಬಿಡು. ಇಲ್ದಿದ್ರೆ ಮುಂದಿನ ಸಲಾನೂ ಹುಳ ಸಾಯ್ತವೆ, ಪಾಪ."

ನಾನು ಹೇಳಲಿಲ್ಲ. ಮುಂದಿನ ಬೆಳೆಗೆ ಅಜ್ಜಿಯ ಕೈಯಿಂದ ಸೊಪ್ಪಿನ ಕೆಲಸವನ್ನೆಲ್ಲ ಕಸಿದುಕೊಂಡೆ. ಆಟಕ್ಕೆ ಹೋಗಲಿಲ್ಲ. ಮಳೆಯಿರಲಿ ಇಬ್ಬನಿಯಿರಲಿ, ಒಂದೊಂದೇ ಎಲೆಯನ್ನು ಎರಡೂ ಕಡೆ ಒರೆಸಿದೆ. ಅದೇ ನನ್ನ ಪ್ರಾಯಶ್ಚಿತ್ತ ಅಂದುಕೊಂಡಿದ್ದೆ. ಬೆಳೆ ಬಂಗಾರದಂತೆ ಬಂತು. ಹಣ್ಣಾದ ಹುಳುಗಳು ಗೂಡಿಗೆಂದೇ ಬಿದಿರಿನಲ್ಲಿ ಹೆಣೆದ ಚಂದ್ರಿಕೆಯ ತುಂಬ ಗೂಡು ಕಟ್ಟಿದವು. ಅಜ್ಜಿ ಗೂಡೊಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಬೀದಿಗೆಲ್ಲ ಕೇಳುವಂತೆ, "ನೋಡಿದ್ರಾ? ಪೌಡರ್ ಹೋಯ್ತು, ಹುಳ ಬದುಕ್ತು" ಅಂದಳು. ನನ್ನ ಸುಳ್ಳಿಗೆ ನನ್ನ ಒಳ್ಳೆಯ ಕೆಲಸವೇ ಸಾಕ್ಷಿಯಾಯಿತು. ಆಮೇಲೆ ಒರೆಸಿದ ಪ್ರತಿಯೊಂದು ಎಲೆಯೂ ಆ ಮಕ್ಕಳ ಮೇಲೆ ಹೊರಿಸಿದ ಅಪವಾದವನ್ನು ಇನ್ನಷ್ಟು ಗಟ್ಟಿ ಮಾಡಿತು.

ಚಿಕ್ಕಪ್ಪ ಮರುವರ್ಷ ಬಂದವರು ನೇರ ನಗರಗೆರೆಗೆ ಹೋದರು. ನಮ್ಮ ಹೊಸ್ತಿಲು ತುಳಿಯಲಿಲ್ಲ. ಅಪ್ಪ ಅವರ ಹೆಸರೆತ್ತುವುದನ್ನೇ ಬಿಟ್ಟರು. ನಾನು ಹೈಸ್ಕೂಲು ಮುಗಿಸಿದ ವರ್ಷ ಅಜ್ಜಿ ಹಾಸಿಗೆ ಹಿಡಿದಳು. ಒಂದು ಮಧ್ಯಾಹ್ನ ಅವಳ ಪಕ್ಕದಲ್ಲೇ ಬಟ್ಟೆ ಹರವಿಕೊಂಡು ಸೊಪ್ಪು ಒರೆಸುತ್ತಿದ್ದೆ. ಅವಳು ಕಣ್ಣು ತೆರೆದು, "ಆ ಚಿಕ್ಕದನ್ನ ಹೊಡೆದ್ಬಿಟ್ಟೆ ಕಣೋ. ಒಂದ್ಸಲ ನೋಡ್ಬೇಕು. ಮಕ್ಕಳನ್ನ ಕರೆಸೋ" ಅಂದಳು. ನನ್ನ ಕೈ ನಿಂತಿತು. ಹೇಳಬೇಕಾದ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವಳು ಹಿಂದಿನ ಕೋಣೆಯ ಸದ್ದಿಗೆ ಕಿವಿಗೊಟ್ಟು, ತಲೆಯಾಡಿಸಿ, "ಈಗ ಬ್ಯಾಡ. ಹುಳ ಇದಾವೆ. ಗೂಡು ಕಟ್ಲಿ, ಆಮೇಲೆ ಕರೆಸು" ಎಂದು ಕಣ್ಣು ಮುಚ್ಚಿದಳು.

ಗೂಡು ಕಟ್ಟುವುದಕ್ಕೆ ಇನ್ನೂ ನಾಲ್ಕು ದಿನ ಇತ್ತು. ಅಜ್ಜಿ ಎರಡೇ ದಿನ ಇದ್ದಳು. ಆ ಎರಡು ದಿನವೂ ನಾನು ಅವಳ ಪಕ್ಕದಲ್ಲೇ ಕೂತಿದ್ದೆ, ಎಲೆ ಒರೆಸುತ್ತಾ.