ಮೀ ಸುವಾ ಪಾಯಸ

ಅವ್ವ ತೀರಿಕೊಂಡ ಮೊದಲ ವರ್ಷದ ಪೂಜೆಯ ದಿನ ಅವಳ ಫೋಟೋದ ಮುಂದೆ ನಾನಿಟ್ಟ ಪಾಯಸ ಸಮುದ್ರದ ನೀರಿನಷ್ಟು ಉಪ್ಪಾಗಿತ್ತು. ಎಡೆ ಹಿಡಿಯುವ ಮೊದಲು ನಾವು ರುಚಿ ನೋಡುವುದಿಲ್ಲ. ಹಾಗಾಗಿ ಮೊದಲು ಉಂಡವಳು ಅವಳೇ.

ಗದಗಿನಿಂದ ತಂದ ಗೋದಿ ಶಾವಿಗೆ ಎಂದೋ ತೀರಿತ್ತು. ಈ ಪರದೇಶದ ಇಂಡಿಯನ್ ಅಂಗಡಿಗಳಲ್ಲಿ ಸಿಗುವುದು ಯಂತ್ರದ್ದು. ನನಗೆ ಕೈಯಲ್ಲಿ ಎಳೆದದ್ದೇ ಬೇಕಿತ್ತು. ಹೌಗಾಂಗ್ ಮಾರ್ಕೆಟ್ಟಿನಲ್ಲಿ ಮೀ ಸುವಾ ಕಂಡಿತು. ಕೂದಲೆಳೆಯಂಥ ಚೀನೀ ಗೋದಿ ಶಾವಿಗೆ, ಕೆಂಪು ದಾರ ಕಟ್ಟಿದ್ದು. ಕೋಲಿನ ಮೇಲೆ ಒಣಗಿಸಿದ ಬಾಗು ಕೂಡ ನಮ್ಮದರಂತೆಯೇ.

"ಯಾರ ಬರ್ತ್‌ಡೇ?" ಅಂಗಡಿಯ ಆಂಟಿ ಕೇಳಿದಳು. "ಉದ್ದ ಎಳೆ, ಉದ್ದ ಆಯಸ್ಸು. ಮುರೀಬೇಡ, ಲಾ!" ಮಾತಿನ ಕೊನೆಗೊಂದು 'ಲಾ' ಇಲ್ಲಿಯವರ ರೂಢಿ.

"ನಮ್ಮ ತಾಯಿದು," ಎಂದೆ. ಮನೆಗೆ ಬಂದು ಮುರಿದು, ತುಪ್ಪದಲ್ಲಿ ಹುರಿದೆ. ಅದರ ಹಿಟ್ಟಿಗೇ ಧಾರಾಳ ಉಪ್ಪು ಹಾಕಿರುತ್ತಾರೆಂದು ಗೊತ್ತಿರಲಿಲ್ಲ.

ಫೋನ್ ಕಾರ್ಡಿನ ನಂಬರ್ ಕೆರೆದು ಗದಗಿನ ಅಕ್ಕನಿಗೆ ಕರೆ ಮಾಡಿ ಹೇಳಿದೆ.

"ಹುಚ್ಚಿ, ಉಪ್ಪಿನ ಪಾಯಸ ಎಡಿ ಹಿಡದೇನು? ಅವ್ವಗ ಬಿ.ಪಿ. ಇತ್ತಲ್ಲೇ!"

ಇಬ್ಬರೂ ನಕ್ಕೆವು. ನನಗೆ ಅಳು ಬಂತು. "ಅವ್ವ ಮಾಳಿಗಿ ಮ್ಯಾಲ ಶಾವಿಗಿ ಎಳೀತಿದ್ಲು, ನಾ ಕೋಲು ಹಿಡಕೊಂಡು ನಿಂದರತಿದ್ದೆ. ಅದೊಂದ ಕಣ್ಣ ಮುಂದ ಬರತೈತಿ."

ಅಕ್ಕ ಅಲ್ಲೇ ತಡೆದಳು. "ಅವ್ವ ಎಲ್ಲಿ ಎಳೀತಿದ್ಲು? ಎಳೀತಿದ್ದಾಕಿ ದೊಡ್ಡವ್ವ. ಸಾಲ್ಯಾಗ ಕಲಿಸಿ ಬರೂದರಾಗ ಅವ್ವಗ ಎಲ್ಲಿ ಪುರಸೊತ್ತಿತ್ತು?"

ಅವ್ವ ಶಾಲೆಯಲ್ಲಿ ಕಲಿಸುತ್ತಿದ್ದುದು ನಿಜ. ಹಾಗಾದರೆ ನಾನು ಕಂಡ ಆ ಕೈಗಳು? ಇಡೀ ವರ್ಷ ಅವ್ವನೆಂದು ನಾನು ಹಿಡಿದುಕೊಂಡಿದ್ದ ಚಿತ್ರ ಅದೊಂದೇ.

ಮರುದಿನ ಒನ್-ನಾರ್ತ್ ಬಡಾವಣೆಯ ನನ್ನ ಆಫೀಸಿನಲ್ಲಿ, ಊಟದ ಹೊತ್ತಿಗೆ, ಇಟಲಿಯ ಸಹೋದ್ಯೋಗಿ ಪಾವ್ಲೋಗೆ ಮೀ ಸುವಾ ಪ್ರಸಂಗ ಹೇಳಿದೆ. ನಿಮ್ಮ ಪಾಸ್ತಾವನ್ನೂ ಮಾರ್ಕೊ ಪೋಲೊ ಚೀನಾದಿಂದಲೇ ಒಯ್ದನಂತಲ್ಲ ಎಂದೆ. ಅವನು ಫೋರ್ಕ್ ಕೆಳಗಿಟ್ಟ. ಪೋಲೊ ಊರಿಗೆ ಮರಳುವ ಮೊದಲೇ ಜೆನೋವಾದಲ್ಲಿ ಸತ್ತವನೊಬ್ಬನ ಆಸ್ತಿಯ ಪಟ್ಟಿಯಲ್ಲಿ ಒಂದು ಬುಟ್ಟಿ ಮೆಕರೋನಿ ಇತ್ತಂತೆ. ಅದಕ್ಕೂ ಬಹಳ ಹಿಂದೆ ಸಿಸಿಲಿಯಲ್ಲಿ ಹಿಟ್ಟಿನ ಎಳೆಗಳನ್ನು ಒಣಗಿಸಿ ಹಡಗಿಗೆ ತುಂಬುತ್ತಿದ್ದುದನ್ನು ಅರಬ್ ಭೂಗೋಳಕಾರನೊಬ್ಬ ಬರೆದಿದ್ದಾನಂತೆ. ಚೀನಾದ ಕಥೆ ಹಬ್ಬಿದ್ದು ತೀರ ಈಚೆಗೆ, ಅಮೆರಿಕದ ಪಾಸ್ತಾ ವ್ಯಾಪಾರಿಗಳ ಪತ್ರಿಕೆಯಿಂದ.

"ಆದರೆ ನಮ್ಮಜ್ಜಿ ಅದನ್ನೇ ನಂಬಿದ್ದಳು," ಎಂದ. "ಹಡಗು, ಚಕ್ರವರ್ತಿ ಎಲ್ಲ ಸೇರಿಸಿ ಹೇಳುತ್ತಿದ್ದಳು. ಕಾಲೇಜಿಗೆ ಹೋದವನು ನಾನು, ತಿದ್ದಿದೆ."

"ಆಮೇಲೆ?"

"ಆಮೇಲೆ ಆ ಕಥೆ ಹೇಳಲಿಲ್ಲ. ಯಾವ ಕಥೆಯನ್ನೂ ಹೇಳಲಿಲ್ಲ."

ಆ ಭಾನುವಾರ ಇಲ್ಲೇ ಹುಟ್ಟಿದ ಮಗಳು ಪಕ್ಕದಲ್ಲಿ ಬಂದು ಕುಳಿತಳು. "ಮಮ್ಮಿ, ಅಜ್ಜಿ ಶಾವಿಗೆ ಹೇಗೆ ಮಾಡ್ತಿದ್ರು? ಹೇಳು ಲಾ."

ನಾನು ಏನು ಹೇಳಿದರೂ ಅವಳು ನಂಬುತ್ತಾಳೆ. ಗದಗಿನಲ್ಲಾದರೆ ತಿದ್ದಲು ಇಡೀ ಓಣಿಯಿದೆ. ಈ ಫ್ಲ್ಯಾಟಿನಲ್ಲಿ, ನನ್ನ ಬಾಲ್ಯದ ಅವ್ವನನ್ನು ಕಂಡವಳು ನಾನೊಬ್ಬಳೇ.

"ಅಜ್ಜಿ ಮಾಡ್ತಿರಲಿಲ್ಲ ಪುಟ್ಟಿ. ಮಾಡ್ತಿದ್ದವರು ದೊಡ್ಡಜ್ಜಿ, ನಮ್ಮ ದೊಡ್ಡವ್ವ."

"ಮತ್ತೆ ಅಜ್ಜಿ ಏನ್ ಮಾಡ್ತಿದ್ರು?"

"ಸ್ಕೂಲಲ್ಲಿ ಕಲಿಸ್ತಿದ್ರು. ಉಳಿದದ್ದು ನನಗೂ ನೆನಪಿಲ್ಲ, ನಿನ್ನ ದೊಡ್ಡಮ್ಮನ್ನ, ನಮ್ಮ ಅಕ್ಕನ್ನ ಕೇಳೋಣ," ಎಂದೆ. "ಅವರಿಗೆ ಗೊತ್ತು."

ನನ್ನ ಅವ್ವ ಹೇಗಿದ್ದಳೆಂದು ಊರಿನವರನ್ನು ಕೇಳಿ ತಿಳಿಯಬೇಕಾದವರು ಈಗ ನಾವಿಬ್ಬರೂ.