ಗೇಟಿಗೆ ಅಡ್ಡ ಮಲಗಿದ ಅಮ್ಮಚ್ಚಿ

ತಿರುವನಂತಪುರದ ನಮ್ಮ ಕಚೇರಿಯ ಗೇಟಿಗೆ ಅಡ್ಡವಾಗಿ ನೆಲದ ಮೇಲೆ ಮಲಗಿದ್ದವರು, ನಾನು ಬಾಡಿಗೆಗಿರುವ ಮನೆಯ ಯಜಮಾನಿ, ವಯಸ್ಸಾದ ಅಮ್ಮಚ್ಚಿ! ಬೆಳಿಗ್ಗೆ ನನಗೆ ಗಂಜಿ ಬಡಿಸಿದವರೇ, ಸರಕಾರ ಇಳಿಯಲಿ ಎಂದು ಹತ್ತಾರು ಹೆಂಗಸರ ಜೊತೆ ಪಿಕೆಟಿಂಗಿಗೆ ಬಂದಿದ್ದರು. ಹತ್ತು ಗಂಟೆಯೊಳಗೆ ರುಜು ಹಾಕದವರ ಕೆಲಸ ಹೋದೀತೆಂದು ಮೇಲಿನವರು ಹಿಂದಿನ ದಿನವೇ ಎಚ್ಚರಿಸಿದ್ದರು. ಕಾಸರಗೋಡಿನಿಂದ ಬಂದ ನನ್ನದು ಇನ್ನೂ ಖಾಯಂ ಆಗದ ಗುಮಾಸ್ತಿಕೆ. ಉಳಿದವರೆಲ್ಲ ಮಲಗಿದವರನ್ನು ದಾಟಿಕೊಂಡು ಒಳಗೆ ಹೋಗುತ್ತಿದ್ದರು. ನನಗೆ ಕಾಲೇ ಏಳಲಿಲ್ಲ.

“ಏನು ನಿಂತುಬಿಟ್ಟೆ ಮೋನೇ? ದಾಟಿ ಹೋಗು, ಹೊತ್ತಾಯಿತು,” ಎಂದರು ಅಮ್ಮಚ್ಚಿ, ಮಗನನ್ನು ಕರೆದಂತೆ, ಮಲಗಿದಲ್ಲಿಂದಲೇ.

“ಮಲಗಿದವರನ್ನು ದಾಟಬಾರದಂತ ನಮ್ಮಜ್ಜಿ ಹೇಳಿಕೊಟ್ಟಿದ್ದಾರೆ ಅಮ್ಮಚ್ಚಿ. ಅದರಲ್ಲೂ ಹಿರಿಯರನ್ನು!”

ಅವರು ನಿಟ್ಟುಸಿರುಬಿಟ್ಟು, ಸೊಂಟ ಹಿಡಿದುಕೊಂಡು ಎದ್ದು ಕೂತರು. ಕಾಲು ಮಡಚಿ ದಾರಿ ಬಿಟ್ಟರು. “ಇದು ಸತ್ಯಾಗ್ರಹವೋ, ಬಿಡಾರದವನ ಉಪಚಾರವೋ?” ಎಂದು ಪಕ್ಕದಾಕೆ ಚುಚ್ಚಿದರೆ, “ಸುಮ್ಮನಿರೇ, ಹುಡುಗ ಅನ್ನ ತಿನ್ನಬೇಡವೇ?” ಎಂದು ಗದರಿದರು. ನಾನು ಒಳಗೆ ಹೋದೊಡನೆ ಮತ್ತೆ ಮಲಗಿದರು. ರುಜು ಹಾಕಿ ಕಿಟಕಿಯಿಂದ ನೋಡಿದರೆ, ಪೊಲೀಸರು ಅವರನ್ನು ಎತ್ತಿ ವ್ಯಾನಿಗೆ ಹತ್ತಿಸುತ್ತಿದ್ದರು.

ಮೂರನೆಯ ದಿನ ಬಿಡುಗಡೆಯಾಗಿ ಮನೆಗೆ ಬಂದರು. ನೀನು ಸರಕಾರದ ಕಡೆಯವನೋ, ಚಳವಳಿಯ ಕಡೆಯವನೋ ಎಂದು ಕಚೇರಿಯಲ್ಲಿ, ಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ ಎಲ್ಲರೂ ಕೇಳುತ್ತಾರೆ. ಉತ್ತರ ಹೇಳಿ ಹೇಳಿ ಸೋತಿದ್ದೇನೆ. ಜೈಲಿಗೆ ಹೋಗಿಬಂದ ಅಮ್ಮಚ್ಚಿ ಮಾತ್ರ ಇದುವರೆಗೆ ಕೇಳಿಲ್ಲ.